ಅಂಜೂರದ ಮರಕ್ಕೆ ಇನ್ನೊಂದು ವರ್ಷ

ಪ್ರತಿವರ್ಷ ಜೂನ್ ತಿಂಗಳಲ್ಲಿ, ಮಳೆ ಹಿಡಿಯುವ ಹೊತ್ತಿಗೆ, ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಒಂದು ಬಗೆಯ ಮೌನ ಕವಿಯುತ್ತದೆ. ವೈದ್ಯಕೀಯ ಪ್ರವೇಶಕ್ಕಾಗಿ ನಡೆಯುವ ನೀಟ್ ಪರೀಕ್ಷೆಯ ಫಲಿತಾಂಶ ಬಂದಿರುತ್ತದೆ. ಎರಡು ವರ್ಷ ಟಿ.ವಿ. ಆರಿಸಿ, ನೆಂಟರಿಷ್ಟರ ಮದುವೆ ರೋಸುಗಳನ್ನು ತಪ್ಪಿಸಿ, ಮಗಳ ಓದಿಗಾಗಿ ಇಡೀ ಮನೆಯೇ ತಪಸ್ಸು ಮಾಡಿರುತ್ತದೆ. ಆದರೂ ಸೀಟು ದೊರೆಯುವಷ್ಟು ಅಂಕ ಬಂದಿರುವುದಿಲ್ಲ. ಭಾನುವಾರದ ಬಲಿಪೂಜೆ ಮುಗಿಸಿ ಇಗರ್ಜಿಯ ಅಂಗಳಕ್ಕೆ ಇಳಿದರೆ ಸಾಕು, ‘ಮಗಳಿಗೆ ಎಷ್ಟು ಬಂತು?’ ಎಂಬ ಪ್ರಶ್ನೆ ಎದುರಾಗುತ್ತದೆ. ಕೇಳುವವರಿಗೆ ಅದು ಕುಶಲ ಪ್ರಶ್ನೆ, ಕೇಳಿಸಿಕೊಳ್ಳುವವರಿಗೆ ಮುಳ್ಳು. ಮುಂದಿನ ಭಾನುವಾರ ಆ ಕುಟುಂಬ ಯಾರ ಕಣ್ಣಿಗೂ ಬೀಳದಂತೆ ಮುಂಜಾನೆಯ ಮೊದಲ ಪೂಜೆಗೇ ಹೋಗಿ ಬಂದುಬಿಡುತ್ತದೆ.

ಹಾಗೆ ಮುಖ ಮರೆಸಿಕೊಳ್ಳಬೇಕಾದಂಥದ್ದು ಇಲ್ಲಿ ಏನೂ ನಡೆದಿಲ್ಲವೆಂಬುದನ್ನು ಮೊದಲು ಹೇಳಬೇಕಾಗಿದೆ. 2025ರಲ್ಲಿ ಇಡೀ ದೇಶದಲ್ಲಿ ಈ ಪರೀಕ್ಷೆಗೆ ಕುಳಿತವರು 22 ಲಕ್ಷಕ್ಕೂ ಮಿಕ್ಕಿದ ವಿದ್ಯಾರ್ಥಿಗಳು. ಅವರಲ್ಲಿ ಅರ್ಹತೆ ಪಡೆದವರು 12 ಲಕ್ಷ 36 ಸಾವಿರಕ್ಕೂ ಹೆಚ್ಚು. ಆದರೆ ಸರ್ಕಾರಿ ಹಾಗೂ ಖಾಸಗಿ ಕಾಲೇಜುಗಳೆಲ್ಲವನ್ನೂ ಕೂಡಿಸಿದರೂ 2024-25ನೇ ಸಾಲಿನಲ್ಲಿ ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಸುಮಾರು 1 ಲಕ್ಷ 18 ಸಾವಿರ ಮಾತ್ರ. ಅಂದರೆ ಅರ್ಹರೆಂದು ಘೋಷಿತರಾದ ಹತ್ತು ಮಂದಿಯಲ್ಲಿ ಒಬ್ಬರಿಗಷ್ಟೇ ಸ್ಥಳ. ಉಳಿದ ಒಂಬತ್ತು ಮಂದಿಯನ್ನು ದಡ್ಡರೆಂದು ಕರೆಯುವ ಅಧಿಕಾರ ಯಾರಿಗೂ ಇಲ್ಲ. ಆ ಒಂಬತ್ತು ಮಂದಿಯಲ್ಲಿ ನಮ್ಮ ಧರ್ಮಕೇಂದ್ರದ ಮಕ್ಕಳೂ ಇದ್ದಾರೆ. ಅವರ ಮುಂದಿರುವ ಪ್ರಶ್ನೆ, ಇನ್ನೊಂದು ವರ್ಷ ಕೂತು ಓದಬೇಕೇ, ಅಥವಾ ಬೇರೆ ದಾರಿ ಹಿಡಿಯಬೇಕೇ ಎಂಬುದು. ಹದಿನೆಂಟರ ಹರೆಯದಲ್ಲಿ ಎದುರಾಗುವ ಈ ಪ್ರಶ್ನೆ ಮುಂದಿನ ಇಡೀ ಬದುಕಿನ ದಿಕ್ಕನ್ನು ನಿರ್ಧರಿಸಬಲ್ಲದು. ಆದ್ದರಿಂದ ಈ ವಾರ ಅದನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಸಂತ ಲೂಕನ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಒಂದು ಸಾಮತಿ ನಮ್ಮ ವಾಚಕರಿಗೆ ಪರಿಚಿತವಾದದ್ದೇ. ದ್ರಾಕ್ಷಿ ತೋಟದಲ್ಲಿ ನೆಟ್ಟ ಅಂಜೂರದ ಮರವೊಂದು ಮೂರು ವರ್ಷ ಕಳೆದರೂ ಹಣ್ಣು ಬಿಡಲಿಲ್ಲ. ಒಡೆಯ ಅದನ್ನು ಕಡಿದುಹಾಕಲು ಹೇಳಿದ. ತೋಟಗಾರನು ಇನ್ನೊಂದು ವರ್ಷದ ಅವಕಾಶ ಬೇಡಿದ. ಆದರೆ ಅವನು ಬರಿಯ ಅವಕಾಶವನ್ನಷ್ಟೇ ಬೇಡಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಸುತ್ತಲೂ ಅಗೆಯುತ್ತೇನೆ, ಗೊಬ್ಬರ ಹಾಕುತ್ತೇನೆ ಎಂದು ಮಾತು ಕೊಟ್ಟ. ಆಮೇಲೂ ಫಲ ಕಾಣದಿದ್ದರೆ ಒಡೆಯನ ತೀರ್ಮಾನಕ್ಕೆ ಒಪ್ಪಿದ. ಕಾಲಾವಕಾಶ, ದುಡಿಮೆ, ಗಡುವು, ಈ ಮೂರೂ ಆ ಕಿರುಸಾಮತಿಯಲ್ಲಿವೆ. ವೈದ್ಯಕೀಯ ಶಿಕ್ಷಣಕ್ಕಾಗಿ ಮರುಯತ್ನ ಮಾಡಬಯಸುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಇದಕ್ಕಿಂತ ಉತ್ತಮ ಮಾರ್ಗದರ್ಶನ ಬೇರೆ ಬೇಕಿಲ್ಲವೆಂದು ನಮ್ಮ ನಂಬಿಕೆ.

ದುರದೃಷ್ಟವಶಾತ್ ನಮ್ಮಲ್ಲಿ ಬಹಳ ಮಂದಿ ಕಾಲಾವಕಾಶವನ್ನು ಕೊಡುತ್ತಾರೆ, ಮಣ್ಣನ್ನು ಅಗೆಯುವುದಿಲ್ಲ. ಫಲಿತಾಂಶ ಬಂದ ವಾರದೊಳಗೇ ಯಾವುದೋ ಊರಿನ ‘ಲಾಂಗ್ ಟರ್ಮ್’ ತರಗತಿಗೆ ಹಣ ಕಟ್ಟಿ, ಹಾಸ್ಟೆಲಿಗೆ ಪೆಟ್ಟಿಗೆ ಸಾಗಿಸಿ, ಕರ್ತವ್ಯ ಮುಗಿಯಿತೆಂದು ನಿಟ್ಟುಸಿರುಬಿಡುತ್ತಾರೆ. ಮಗು ಅಲ್ಲಿ ಅದೇ ಪುಸ್ತಕಗಳನ್ನು ಅದೇ ಕ್ರಮದಲ್ಲಿ ಮತ್ತೊಮ್ಮೆ ಕೇಳುತ್ತದೆ. ಬರುವ ಪಾಠ ಇನ್ನಷ್ಟು ಚೆನ್ನಾಗಿ ಬರುತ್ತದೆ, ಬಾರದ ಪಾಠ ಹಾಗೆಯೇ ಉಳಿಯುತ್ತದೆ. ಮುಂದಿನ ಜೂನ್‌ನಲ್ಲಿ ಅಂಕ ಅಲ್ಪಸ್ವಲ್ಪ ಏರಿರುತ್ತದೆ, ಸೀಟು ಮಾತ್ರ ಅಷ್ಟೇ ದೂರದಲ್ಲಿರುತ್ತದೆ. ಕೊರತೆ ಎಲ್ಲಿತ್ತೆಂದು ಯಾರೂ ಕೇಳದೇ ಹೋದದ್ದೇ ಇದಕ್ಕೆ ಕಾರಣ. ರೋಗನಿದಾನವಿಲ್ಲದೆ ಔಷಧ ಕೊಡುವ ವೈದ್ಯನನ್ನು ನಾವು ನಂಬುವುದಿಲ್ಲ. ವೈದ್ಯನಾಗಹೊರಟವನ ಓದಿನ ವಿಷಯದಲ್ಲಿ ಮಾತ್ರ ಆ ತಪ್ಪನ್ನೇ ಮಾಡುತ್ತೇವೆ.

ನಿದಾನ ಕಷ್ಟವೇನಲ್ಲ. ಪರೀಕ್ಷೆಯ ಬಳಿಕ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು ವಿದ್ಯಾರ್ಥಿ ತುಂಬಿದ ಉತ್ತರಹಾಳೆಯ ಪ್ರತಿಯನ್ನೂ ಸರಿಯುತ್ತರಗಳ ಪಟ್ಟಿಯನ್ನೂ ಒದಗಿಸುತ್ತ ಬಂದಿದೆ. ಅವೆರಡನ್ನೂ ಜೋಪಾನವಾಗಿ ತೆಗೆದಿಟ್ಟುಕೊಳ್ಳಬೇಕು. ಫಲಿತಾಂಶದ ನೋವು ತುಸು ಆರಿದ ಮೇಲೆ ಒಂದು ದಿನ ಪ್ರಶ್ನೆಪತ್ರಿಕೆಯೊಡನೆ ಕುಳಿತು ತಪ್ಪಿದ ಹಾಗೂ ಬಿಟ್ಟ ಪ್ರಶ್ನೆಗಳನ್ನು ಮೂರು ರಾಶಿಗಳಾಗಿ ವಿಂಗಡಿಸಬೇಕು. ಪಾಠವೇ ತಿಳಿಯದೆ ತಪ್ಪಿದವು ಮೊದಲನೆಯ ರಾಶಿ. ತಿಳಿದಿದ್ದೂ ನೆನಪಿಗೆ ಬಾರದವು ಎರಡನೆಯದು. ನೆನಪಿದ್ದೂ ಅವಸರದಿಂದ ಅಥವಾ ಪ್ರಶ್ನೆಯನ್ನು ಸರಿಯಾಗಿ ಓದದೆ ತಪ್ಪಿದವು ಮೂರನೆಯದು. ಮೊದಲನೆಯದಕ್ಕೆ ಗುರುವಿನ ಸಹಾಯ ಬೇಕು, ಎರಡನೆಯದಕ್ಕೆ ಪುನರಾವರ್ತನೆ ಬೇಕು, ಮೂರನೆಯದಕ್ಕೆ ಗಡಿಯಾರವಿಟ್ಟು ಮಾಡುವ ಅಭ್ಯಾಸಪರೀಕ್ಷೆಗಳು ಬೇಕು. ಮೂರಕ್ಕೂ ಒಂದೇ ಮದ್ದು ಇಲ್ಲ. ಯಾವ ರಾಶಿ ದೊಡ್ಡದೋ ಅದಕ್ಕೆ ತಕ್ಕಂತೆ ಮುಂದಿನ ವರ್ಷದ ದಿನಚರಿ ರೂಪುಗೊಳ್ಳಬೇಕು.

ಈ ಪರೀಕ್ಷೆಯ ಲೆಕ್ಕಾಚಾರವನ್ನು ತಂದೆತಾಯಿಗಳೂ ಅರಿತಿರುವುದು ಒಳ್ಳೆಯದು. 2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿಗೆ 180 ನಿಮಿಷಗಳ ಅವಧಿಯಿತ್ತು. ಭೌತಶಾಸ್ತ್ರಕ್ಕೆ 45, ರಸಾಯನಶಾಸ್ತ್ರಕ್ಕೆ 45, ಜೀವಶಾಸ್ತ್ರಕ್ಕೆ 90 ಪ್ರಶ್ನೆಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪುತ್ತರಕ್ಕೆ 1 ಅಂಕ ಕಡಿತ, ಒಟ್ಟು 720 ಅಂಕ. ಒಬ್ಬ ವಿದ್ಯಾರ್ಥಿನಿ 150 ಪ್ರಶ್ನೆಗಳಿಗೆ ಉತ್ತರಿಸಿ 110 ಸರಿ, 40 ತಪ್ಪು ಮಾಡಿದಳೆಂದು ಇಟ್ಟುಕೊಳ್ಳೋಣ. ಆಕೆಗೆ ದೊರೆಯುವುದು 440ರಲ್ಲಿ 40 ಕಳೆದು 400 ಅಂಕ. ಹೊಸದಾಗಿ ಒಂದೇ ಒಂದು ಪ್ರಶ್ನೆಯನ್ನು ಮುಟ್ಟದೆ, ತಪ್ಪಿದ ಆ 40ರಲ್ಲಿ 20ನ್ನು ಮಾತ್ರ ಆಕೆ ತಿದ್ದಿಕೊಂಡರೆ, 130 ಸರಿ, 20 ತಪ್ಪು. ಆಗ ದೊರೆಯುವುದು 500 ಅಂಕ. ಇಪ್ಪತ್ತು ಪ್ರಶ್ನೆಗಳಿಗೆ ನೂರು ಅಂಕಗಳ ಅಂತರ! ಇಡೀ ಪಠ್ಯವನ್ನು ಮತ್ತೆ ಆರಂಭದಿಂದ ಉರುಹೊಡೆಯುವುದಕ್ಕಿಂತ ತಾನು ಎಡವಿದ ಸ್ಥಳಗಳನ್ನು ಹುಡುಕಿ ಸರಿಪಡಿಸುವುದು ಎಷ್ಟು ಫಲದಾಯಕವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನೂ ಒಂದು ಮಾತು. ಜೀವಶಾಸ್ತ್ರಕ್ಕೆ ಅರ್ಧದಷ್ಟು, ಅಂದರೆ 360 ಅಂಕಗಳಿರುವುದರಿಂದ ಅದನ್ನು ಗಟ್ಟಿಮಾಡಿದರೆ ಸಾಕೆಂಬ ಭ್ರಮೆ ಅನೇಕರಲ್ಲಿದೆ. ಪೈಪೋಟಿಯಲ್ಲಿರುವವರೆಲ್ಲರೂ ಜೀವಶಾಸ್ತ್ರವನ್ನು ಗಟ್ಟಿಮಾಡಿಕೊಂಡೇ ಬಂದಿರುತ್ತಾರೆ. ಅಲ್ಲಿ ಒಂದು ಅಂಕವನ್ನೂ ಕಳೆದುಕೊಳ್ಳುವಂತಿಲ್ಲವೆಂಬುದು ನಿಜ, ಆದರೆ ಬಹುಮಂದಿ ಹಿಂದೆ ಬೀಳುವುದು ಭೌತಶಾಸ್ತ್ರದಲ್ಲಿ. ಅದರ ಬೇರು ಪ್ರಥಮ ಪಿಯುಸಿಯಲ್ಲಿದೆ. ದ್ವಿತೀಯ ವರ್ಷದ ಸಾರ್ವಜನಿಕ ಪರೀಕ್ಷೆಯ ಗಡಿಬಿಡಿಯಲ್ಲಿ ಮೊದಲ ವರ್ಷದ ಚಲನೆ, ಬಲ, ಶಾಖ ಮುಂತಾದ ಅಧ್ಯಾಯಗಳು ಅರೆಬರೆ ಉಳಿದುಬಿಟ್ಟಿರುತ್ತವೆ. ಮರುಯತ್ನದ ವರ್ಷದ ಮೊದಲ ಮೂರು ತಿಂಗಳುಗಳನ್ನು ಈ ತಳಪಾಯಕ್ಕೇ ಮೀಸಲಿಡುವುದು ವಿವೇಕ. 2024ರ ಪರೀಕ್ಷೆಗೆ ಪಠ್ಯಕ್ರಮವನ್ನು ಪರಿಷ್ಕರಿಸಿ ಕೆಲವು ಭಾಗಗಳನ್ನು ಕೈಬಿಡಲಾಯಿತು. ಹಳೆಯ ಟಿಪ್ಪಣಿಗಳನ್ನೇ ನೆಚ್ಚದೆ ಆಯಾ ವರ್ಷದ ಅಧಿಕೃತ ಪಠ್ಯಕ್ರಮವನ್ನು ಎನ್‌ಸಿಇಆರ್‌ಟಿ ಪುಸ್ತಕಗಳ ಪಕ್ಕದಲ್ಲಿಟ್ಟು ನೋಡಬೇಕು. ಪ್ರಶ್ನೆಪತ್ರಿಕೆಯು ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ದೊರೆಯುತ್ತ ಬಂದಿರುವುದು ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಹಳ್ಳಿಯ ಮಕ್ಕಳಿಗೆ ಧೈರ್ಯ ತರತಕ್ಕ ಸಂಗತಿ.

ಎರಡು ವರ್ಷಗಳ ಅಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ಮಕ್ಕಳನ್ನು ಗದರಿಸುವುದೂ ನಮ್ಮಲ್ಲಿ ಸಾಮಾನ್ಯ. ಇದು ತಪ್ಪು ಅಳತೆಗೋಲು. ಸಾಮಾನ್ಯ ವರ್ಗದ ಕನಿಷ್ಠ ಅರ್ಹತಾ ಅಂಕ 2024ರಲ್ಲಿ 162 ಇದ್ದದ್ದು 2025ರಲ್ಲಿ 144ಕ್ಕೆ ಇಳಿಯಿತು. 2024ರಲ್ಲಿ 720ಕ್ಕೆ 720 ಅಂಕ ಪಡೆದವರು ಹಲವರಿದ್ದರೆ, 2025ರಲ್ಲಿ ದೇಶಕ್ಕೇ ಪ್ರಥಮ ಸ್ಥಾನ ಗಳಿಸಿದ ಅಂಕ 686. ಪ್ರಶ್ನೆಪತ್ರಿಕೆ ಕಠಿಣವಾದರೆ ಎಲ್ಲರ ಅಂಕವೂ ಇಳಿಯುತ್ತದೆ. ಆದ್ದರಿಂದ ಅಂಕ ಕಡಿಮೆಯಾದರೂ ಕ್ರಮಾಂಕ ಮೇಲಕ್ಕೇರಿರುವುದು ಸಾಧ್ಯ. ಮಗು ನಿಜವಾಗಿ ಮುಂದುವರಿದಿದೆಯೇ ಎಂಬುದನ್ನು ಅಂಕದಿಂದಲ್ಲ, ಕ್ರಮಾಂಕದಿಂದ ತಿಳಿಯಬೇಕು. ಇನ್ನೊಂದು ಯತ್ನ ಮಾಡಬೇಕೇ ಬೇಡವೇ ಎಂಬ ತೀರ್ಮಾನಕ್ಕೂ ಅದೇ ಆಧಾರವಾಗಬೇಕು.

ಶೈಕ್ಷಣಿಕ ಅರ್ಹತೆಯನ್ನು ಬಲಪಡಿಸುವುದೆಂದರೆ ಈ ಒಂದು ಪರೀಕ್ಷೆಯಷ್ಟೇ ಅಲ್ಲ. 1994ರಲ್ಲಿ ನಮ್ಮ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಆರಂಭವಾದ ಕಾಲದ ಪದ್ಧತಿಯನ್ನು ನೆನಪಿಟ್ಟುಕೊಂಡಿರುವ ಹಿರಿಯರು ಪಿಯುಸಿ ಅಂಕಗಳಿಗೂ ವೈದ್ಯಕೀಯ ಪ್ರವೇಶದಲ್ಲಿ ಪಾಲಿದೆಯೆಂದು ಇಂದಿಗೂ ಭಾವಿಸುತ್ತಾರೆ. ನೀಟ್ ಬಂದ ಮೇಲೆ ಪಿಯುಸಿಯ ಪಾತ್ರ ಅರ್ಹತೆಗೆ ಸೀಮಿತವಾಗಿದೆ. ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ಒಟ್ಟಾರೆ ಶೇಕಡಾ 50 ಅಂಕಗಳು ಸಾಮಾನ್ಯ ವರ್ಗದವರಿಗೆ ಬೇಕು. ಮೀಸಲು ವರ್ಗಗಳಿಗೆ ಶೇಕಡಾ 40. ಇದು ಇಲ್ಲದಿದ್ದರೆ ನೀಟ್‌ನಲ್ಲಿ ಎಷ್ಟು ಅಂಕ ಬಂದರೂ ವ್ಯರ್ಥ. ಅಂಥವರಿಗೆ 2024ರಿಂದ ದ್ವಿತೀಯ ಪಿಯುಸಿಯಲ್ಲಿ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬರೆದು ಉತ್ತಮ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ಒದಗಿತು. ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮ, ಜಾತಿ ಮತ್ತು ಆದಾಯಗಳ ಪ್ರಮಾಣಪತ್ರಗಳನ್ನೂ ಈ ಬಿಡುವಿನ ವರ್ಷದಲ್ಲೇ ಸರಿಪಡಿಸಿಟ್ಟುಕೊಳ್ಳಬೇಕು. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಜ್ಞಾನಸ್ನಾನದ ದಾಖಲೆಯಲ್ಲಿ ಇನ್ನೊಂದು ಹೆಸರು, ಆಧಾರ್‌ನಲ್ಲಿ ಮತ್ತೊಂದು ಕಾಗುಣಿತ ಇರುವುದು ನಮ್ಮಲ್ಲಿ ಅಪರೂಪವೇನಲ್ಲ. ಪ್ರವೇಶದ ಹೊತ್ತಿಗೆ ಕಚೇರಿಯಿಂದ ಕಚೇರಿಗೆ ಅಲೆದು ಕಣ್ಣೀರಿಡುವುದಕ್ಕಿಂತ ಈಗಲೇ ಅದನ್ನು ನೇರ್ಪಡಿಸುವುದು ಮೇಲು.

ನಮ್ಮ ಸಂಸ್ಥೆಗಳ ಬಗೆಗಿನ ಒಂದು ತಪ್ಪುಗ್ರಹಿಕೆಯನ್ನೂ ನಿವಾರಿಸಬೇಕಾಗಿದೆ. ‘ಮಂಗಳೂರಿನಲ್ಲಿ ಫಾದರ್ ಮುಲ್ಲರ್ ಇದೆ, ಬೆಂಗಳೂರಿನಲ್ಲಿ ಸಂತ ಜಾನರ ಕಾಲೇಜಿದೆ, ಗುರುಗಳದೊಂದು ಪತ್ರವಿದ್ದರೆ ಆಗದೇ?’ ಎಂದು ಕೇಳುವವರು ಇಂದಿಗೂ ಇದ್ದಾರೆ. ಅಲ್ಪಸಂಖ್ಯಾತರ ಸಂಸ್ಥೆಗಳಿಗೂ ನೀಟ್ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2020ರ ಏಪ್ರಿಲ್ 29ರಂದು ತೀರ್ಪಿತ್ತಿತು. ಕ್ರೈಸ್ತ ಅಭ್ಯರ್ಥಿಗಳಿಗೆ ಮೀಸಲಾದ ಸ್ಥಾನಗಳಿದ್ದರೂ ಅವುಗಳೊಳಗಿನ ಆಯ್ಕೆ ನೀಟ್ ಅರ್ಹತೆಯನ್ನು ಬಿಟ್ಟು ನಡೆಯುವಂತಿಲ್ಲ. ಇದರಲ್ಲಿ ನೊಂದುಕೊಳ್ಳುವಂಥದ್ದೇನೂ ಇಲ್ಲ. ನಮ್ಮ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಬಡ ರೋಗಿಗೆ ಶಿಫಾರಸಿನಿಂದ ಬಂದ ವೈದ್ಯ ಬೇಕಿಲ್ಲ, ಕಲಿತು ಬಂದ ವೈದ್ಯ ಬೇಕು.

ಶಿಫಾರಸಿನ ದಾರಿ ಮುಚ್ಚಿದಾಗ ಕೆಲವರು ದಲ್ಲಾಳಿಗಳ ದಾರಿ ಹಿಡಿಯುತ್ತಾರೆ. 2024ರ ಮೇ 5ರ ಪರೀಕ್ಷೆಯ ಪ್ರಶ್ನೆಪತ್ರಿಕೆ ಹಜಾರಿಬಾಗ್ ಹಾಗೂ ಪಟ್ನಾಗಳಲ್ಲಿ ಸೋರಿಕೆಯಾದದ್ದನ್ನು ಸರ್ವೋಚ್ಚ ನ್ಯಾಯಾಲಯವೂ ಒಪ್ಪಿಕೊಂಡಿತು. ಆದರೆ ಇಡೀ ಪರೀಕ್ಷೆಯೇ ಕೆಟ್ಟಿತೆನ್ನಲು ಆಧಾರವಿಲ್ಲವೆಂದು ಅದನ್ನು ರದ್ದುಪಡಿಸಲು ನಿರಾಕರಿಸಿತು. ಪ್ರಾಮಾಣಿಕವಾಗಿ ಓದಿದ ಲಕ್ಷಾಂತರ ಮಕ್ಕಳು ಆ ಬೇಸಿಗೆಯಲ್ಲಿ ಅನುಭವಿಸಿದ ತಳಮಳವನ್ನು ನಾವು ಮರೆಯಬಾರದು. ಹಣ ಕೊಟ್ಟರೆ ಸೀಟು ಖಚಿತವೆಂದು ಮನೆಬಾಗಿಲಿಗೆ ಬರುವವನು ಮೋಸಗಾರನೆಂದೇ ತಿಳಿಯಬೇಕು. ವಿದೇಶದ ಅಗ್ಗದ ಕಾಲೇಜುಗಳ ಹೆಸರು ಹೇಳಿಕೊಂಡು ಬರುವವರ ವಿಷಯದಲ್ಲೂ ಎಚ್ಚರ ಬೇಕು. ವಿದೇಶದಲ್ಲಿ ಓದಿ ಬಂದು ಇಲ್ಲಿ ವೃತ್ತಿ ಮಾಡಬೇಕಾದರೂ ನೀಟ್ ಅರ್ಹತೆ ಇರಲೇಬೇಕು. ಮರಳಿದ ಮೇಲೆ ಇಲ್ಲಿಯ ಅರ್ಹತಾ ಪರೀಕ್ಷೆಯನ್ನೂ ದಾಟಬೇಕು. ಇದನ್ನು ತಿಳಿಯದೆ ತೋಟ ಅಡವಿಟ್ಟವರ ಕಥೆಗಳು ಕಣ್ಣೀರು ತರಿಸುತ್ತವೆ.

ಇಲ್ಲಿ ಧರ್ಮಸಭೆಯ ಪಾತ್ರವೇನು? ಜಪ ಮಾಡಿಸಿ ಆಶೀರ್ವದಿಸಿ ಕಳುಹಿಸುವುದಷ್ಟೇ ಅಲ್ಲವೆಂದು ನಮ್ಮ ಭಾವನೆ. ಧರ್ಮಕೇಂದ್ರಗಳ ಗುರುಗಳಿಗೆ ಪಾಲಕರಾದ ಸಂತ ಜಾನ್ ವಿಯಾನ್ನಿಯವರ ಬಾಳನ್ನು ನೆನೆಯೋಣ. ಫ್ರಾನ್ಸಿನ ರೈತ ಕುಟುಂಬದಲ್ಲಿ 1786ರಲ್ಲಿ ಹುಟ್ಟಿದ ಅವರಿಗೆ ಓದು ದಕ್ಕಿದ್ದೇ ತಡವಾಗಿ. ಲ್ಯಾಟಿನ್ ಭಾಷೆ ಎಷ್ಟು ಹೆಣಗಿದರೂ ತಲೆಗೆ ಹತ್ತಲಿಲ್ಲ. ಲಿಯೋನ್ ನಗರದ ಗುರುಮಠದಿಂದ ಅವರನ್ನು ಹಿಂದಕ್ಕೆ ಕಳುಹಿಸಲಾಯಿತು. ಆಗ ಅವರ ಕೈ ಹಿಡಿದವರು ಎಕ್ಯುಲಿ ಎಂಬ ಊರಿನ ಧರ್ಮಗುರು ಬಾಲೇ ಅವರು. ತಮ್ಮ ಮನೆಯಲ್ಲೇ ಇರಿಸಿಕೊಂಡು, ಅವರಿಗೆ ಅರ್ಥವಾಗುವ ರೀತಿಯಲ್ಲಿ ಪಾಠ ಹೇಳಿಕೊಟ್ಟು, ಮೇಲಧಿಕಾರಿಗಳೊಡನೆ ಅವರ ಪರವಾಗಿ ಮಾತಾಡಿ ಮತ್ತೆ ಪರೀಕ್ಷೆಗೆ ನಿಲ್ಲಿಸಿದರು. 1815ರಲ್ಲಿ ವಿಯಾನ್ನಿಯವರಿಗೆ ಗುರುದೀಕ್ಷೆಯಾಯಿತು. ಮುಂದೆ ಆರ್ಸ್ ಎಂಬ ಕುಗ್ರಾಮ ಅವರಿಂದಾಗಿ ಜಗತ್ತಿಗೆ ಪರಿಚಿತವಾಯಿತು. ಪರೀಕ್ಷೆಯಲ್ಲಿ ಸೋತವರಿಗೆ ಈ ಸಂತರನ್ನು ಉದಾಹರಿಸುವ ರೂಢಿ ಇದೆ. ಆ ಸೋಲನ್ನು ಗೆಲುವಾಗಿಸಲು ಶ್ರಮಿಸಿದ ಬಾಲೇ ಗುರುಗಳನ್ನು ಮಾತ್ರ ನಾವು ಮರೆತುಬಿಡುತ್ತೇವೆ.

ಪ್ರತಿ ಧರ್ಮಕೇಂದ್ರದಲ್ಲೂ ಇಂಥ ಒಬ್ಬ ಬಾಲೇ ಬೇಕಾಗಿದ್ದಾರೆ. ನಮ್ಮಲ್ಲಿ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರಿಲ್ಲವೇ? ವೈದ್ಯಕೀಯ ಓದುತ್ತಿರುವ, ರಜೆಗೆ ಊರಿಗೆ ಬರುವ ಹುಡುಗ ಹುಡುಗಿಯರಿಲ್ಲವೇ? ವಾರದಲ್ಲಿ ಎರಡು ಸಂಜೆ ಅವರು ಇಗರ್ಜಿಯ ಸಭಾಭವನದಲ್ಲಿ ಕುಳಿತು ಮಕ್ಕಳ ಸಂದೇಹ ನಿವಾರಿಸಿದರೆ ಎಷ್ಟೋ ಉಪಕಾರವಾದೀತು. ವರ್ಷದ ಬಹುಕಾಲ ಬೀಗ ಹಾಕಿರುವ ನಮ್ಮ ಸಭಾಭವನದ ಒಂದು ಕೋಣೆಯನ್ನು ಬೆಳಕು, ಫ್ಯಾನು, ಇಂಟರ್ನೆಟ್ ಸೌಕರ್ಯಗಳೊಂದಿಗೆ ವಾಚನಾಲಯವಾಗಿ ತೆರೆದಿಡುವುದು ದೊಡ್ಡ ಖರ್ಚಿನ ಬಾಬತ್ತಲ್ಲ. ಒಂದೇ ಕೋಣೆಯ ಮನೆಯಲ್ಲಿ ಐವರ ನಡುವೆ ಓದುವ ಮಗುವಿಗೆ ಅದೇ ದೊಡ್ಡ ವಿದ್ಯಾರ್ಥಿವೇತನ. ಕೇಂದ್ರ ಶಿಕ್ಷಣ ಸಚಿವಾಲಯವು ಕಾನ್ಪುರದ ಐಐಟಿಯ ನೆರವಿನಿಂದ 2023ರಲ್ಲಿ ಆರಂಭಿಸಿದ ‘ಸಾಥೀ’ಯಂಥ ಉಚಿತ ಪಾಠಗಳನ್ನು ಅಲ್ಲಿ ಕುಳಿತು ಕೇಳಬಹುದು. ಹಬ್ಬದ ಸಿಡಿಮದ್ದಿಗೂ ದೀಪಾಲಂಕಾರಕ್ಕೂ ವ್ಯಯವಾಗುವ ಹಣದ ಒಂದಂಶವನ್ನು ಸಂತ ವಿನ್ಸೆಂಟ್ ಡಿ ಪೌಲ್ ಸಭೆಯ ಮೂಲಕ ಬಡ ಮಕ್ಕಳ ತರಗತಿ ಶುಲ್ಕಕ್ಕೆ ನೀಡಿದರೆ ಯಾವ ಸಂತರೂ ಮುನಿಸಿಕೊಳ್ಳಲಾರರು. ಪರೀಕ್ಷೆ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಭಾನುವಾರ ನಡೆಯುತ್ತ ಬಂದಿದೆ. ಆ ಶನಿವಾರ ಸಂಜೆ ಪರೀಕ್ಷಾರ್ಥಿಗಳಿಗಾಗಿಯೇ ಒಂದು ಬಲಿಪೂಜೆಯನ್ನು ಅರ್ಪಿಸುವ ವ್ಯವಸ್ಥೆ ಎಲ್ಲೆಡೆಯೂ ಆಗಲಿ.

ಈಗ ಗಡುವಿನ ಮಾತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಈ ಪರೀಕ್ಷೆಗಿದ್ದ ಗರಿಷ್ಠ ವಯೋಮಿತಿಯನ್ನು ತೆಗೆದುಹಾಕಿತು. ಯತ್ನಗಳ ಸಂಖ್ಯೆಗೂ ಮಿತಿ ಇಡಲಿಲ್ಲ. ಕಾನೂನು ಬಾಗಿಲು ತೆರೆದಿಟ್ಟಿತೆಂದ ಮಾತ್ರಕ್ಕೆ ಜೀವನಪೂರ್ತಿ ಬಾಗಿಲ ಬಳಿ ನಿಲ್ಲಬೇಕೆಂದಿಲ್ಲ. ಎರಡನೆಯ ಯತ್ನವನ್ನು ನಾವು ಮನಃಪೂರ್ವಕವಾಗಿ ಸಮರ್ಥಿಸುತ್ತೇವೆ. ಮೊದಲ ಸಲ ಪಿಯುಸಿಯ ಹೊರೆಯೊಂದಿಗೆ ಬರೆದವರು ಎರಡನೆಯ ಸಲ ಪೂರ್ಣ ಗಮನ ಕೊಟ್ಟು ಬರೆಯಬಲ್ಲರು. ಮೂರನೆಯ ಯತ್ನಕ್ಕೆ ಮಾತ್ರ ಕಾರಣ ಬೇಕು. ಕ್ರಮಾಂಕ ಗಣನೀಯವಾಗಿ ಮೇಲಕ್ಕೇರಿ ಸೀಟಿನ ಅಂಚಿಗೆ ಬಂದು ನಿಂತಿದ್ದರೆ, ಮಗುವೇ ತಾನಾಗಿ ಬಯಸಿದರೆ, ಮನೆಯ ಪರಿಸ್ಥಿತಿ ಒಪ್ಪಿದರೆ, ಆಗಬಹುದು. ಇವುಗಳಲ್ಲಿ ಯಾವುದೂ ಇಲ್ಲದೆ ಕೇವಲ ನೆರೆಹೊರೆಯವರ ಬಾಯಿಗೆ ಹೆದರಿ ಮೂರನೆಯ, ನಾಲ್ಕನೆಯ ವರ್ಷಗಳನ್ನು ಕಳೆಯುವುದು ಮಗುವಿನ ಹರೆಯವನ್ನು ಕದ್ದಂತೆ. ಈ ಗಡುವನ್ನು ಸೋತ ಮೇಲೆ ಅಲ್ಲ, ಓದು ಆರಂಭಿಸುವ ಮೊದಲೇ ತಂದೆ ತಾಯಿ ಮಕ್ಕಳು ಒಟ್ಟಿಗೆ ಕುಳಿತು ಗೊತ್ತುಮಾಡಿಕೊಳ್ಳಬೇಕು. ಬದಲಿ ದಾರಿಯನ್ನೂ ಆಗಲೇ ಗುರುತಿಸಿಡಬೇಕು. ದಂತವೈದ್ಯಕೀಯ, ಆಯುರ್ವೇದ, ಹೋಮಿಯೋಪತಿ, ಬಿ.ಎಸ್ಸಿ. ನರ್ಸಿಂಗ್, ಫಿಸಿಯೋಥೆರಪಿ, ಪ್ರಯೋಗಾಲಯ ತಂತ್ರಜ್ಞಾನ, ಮೂಲವಿಜ್ಞಾನದ ಪದವಿ, ಹೀಗೆ ದಾರಿಗಳು ಅನೇಕ. ಅವುಗಳನ್ನು ‘ಸಿಗದವರ ಪಾಲು’ ಎಂದು ಹೀಗಳೆಯುವುದನ್ನು ನಾವು ನಿಲ್ಲಿಸಬೇಕು.

ಏಕೆಂದರೆ ನಮ್ಮ ಸಮಾಜಕ್ಕೆ ರೋಗಿಗಳ ಸೇವೆಯ ಪಾಠ ಕಲಿಸಿದವರು ಪದವಿಗಾಗಿ ಕಾದು ಕುಳಿತವರಲ್ಲ. ಜರ್ಮನಿಯಿಂದ ಬಂದ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧ ಹಂಚಲು ತೊಡಗಿದಾಗ ಅಲ್ಲಿ ಮಹಾವಿದ್ಯಾಲಯವಿರಲಿಲ್ಲ. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮವಾಯಿತು, ಅನಂತರ ಆಸ್ಪತ್ರೆ ಬೆಳೆಯಿತು. ಎಂ.ಬಿ.ಬಿ.ಎಸ್. ಶಿಕ್ಷಣ ಅಲ್ಲಿ ಆರಂಭವಾದದ್ದು 1999ರಲ್ಲಿ. ಆಸ್ಟ್ರೇಲಿಯಾದಲ್ಲಿ 1910ರಲ್ಲಿ ವೈದ್ಯಕೀಯ ಪದವಿ ಪಡೆದು 1920ರಲ್ಲಿ ಗುಂಟೂರಿಗೆ ಬಂದ ಧರ್ಮಭಗಿನಿ ಡಾ. ಮೇರಿ ಗ್ಲೋರಿಯವರು 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಭಾರತದಲ್ಲಿ ಒಂದು ಕಥೋಲಿಕ ವೈದ್ಯಕೀಯ ಕಾಲೇಜು ಆಗಬೇಕೆಂಬುದು ಅವರ ಕನಸಾಗಿತ್ತು. 1957ರಲ್ಲಿ ಅವರು ಬೆಂಗಳೂರಿನಲ್ಲಿ ಕಣ್ಮುಚ್ಚಿದಾಗ ಆ ಕಾಲೇಜು ಇನ್ನೂ ಹುಟ್ಟಿರಲಿಲ್ಲ. ಅದೇ ಊರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾದದ್ದು 1963ರಲ್ಲಿ. ಒಂದು ವರ್ಷ ತಡವಾಯಿತೆಂದು ಕಂಗಾಲಾಗುವ ನಮ್ಮ ಮಕ್ಕಳು ಈ ವರ್ಷಗಳ ಲೆಕ್ಕವನ್ನೊಮ್ಮೆ ನೋಡಬೇಕು.

ಮರುಯತ್ನಕ್ಕೆ ಹೊರಡುವ ಮುನ್ನ ಆ ಮಕ್ಕಳು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದರಲ್ಲಿದೆ. ನನಗೆ ವೈದ್ಯನಾಗಬೇಕೇ, ಅಥವಾ ವೈದ್ಯನೆನಿಸಿಕೊಳ್ಳಬೇಕೇ? ಈ ವರ್ಷದ ಓದಿನ ನಡುವೆ ತಿಂಗಳಿಗೊಂದು ದಿನ ಸಮೀಪದ ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಸೇವೆಗೆ ನಿಂತು ನೋಡಲಿ. ಹುಣ್ಣಿನ ವಾಸನೆ, ಮುದುಕರ ಕಿರಿಕಿರಿ, ರಾತ್ರಿಯ ನಿದ್ದೆಗೇಡು ಇವನ್ನು ಕಂಡೂ ಮನಸ್ಸು ಅಲ್ಲಿಗೇ ಎಳೆಯುವುದಾದರೆ ಅದು ದೇವರ ಕರೆಯಿರಬಹುದು. ಅಂಥ ಮಗು ಭೌತಶಾಸ್ತ್ರದ ಲೆಕ್ಕಕ್ಕೆ ಹೆದರಲಾರದು. ಎಳೆಯದಿದ್ದರೆ, ಅದನ್ನು ಮೊದಲೇ ತಿಳಿದುಕೊಂಡದ್ದೂ ಒಂದು ಲಾಭವೇ.

ಕೊನೆಯದಾಗಿ ತಂದೆತಾಯಿಗಳಿಗೆ ಒಂದು ವಿಜ್ಞಾಪನೆ. ರಾಜಸ್ಥಾನದ ಕೋಟಾ ನಗರದಿಂದ ಬಂದ ಎಳೆಯ ಜೀವಗಳ ಸಾವಿನ ವಾರ್ತೆಗಳನ್ನು ನಾವೆಲ್ಲರೂ ಓದಿದ್ದೇವೆ. 2025ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ರಕ್ಷಣೆಗಾಗಿ ಶಿಕ್ಷಣ ಸಂಸ್ಥೆಗಳಿಗೂ ಕೋಚಿಂಗ್ ಕೇಂದ್ರಗಳಿಗೂ ಮಾರ್ಗಸೂಚಿಗಳನ್ನು ವಿಧಿಸಬೇಕಾಯಿತು. ನ್ಯಾಯಾಲಯ ಮನೆಯೊಳಗೆ ಬರಲಾರದು, ಅಲ್ಲಿ ತಂದೆತಾಯಿಯೇ ಮಾರ್ಗಸೂಚಿ. ‘ನಿನಗಾಗಿ ಇಷ್ಟು ಖರ್ಚು ಮಾಡಿದೆವು’ ಎಂಬ ಮಾತನ್ನು ಈ ವರ್ಷ ಆಡದಿರಿ. ಪಕ್ಕದ ಮನೆಯ ಮಗನ ಕ್ರಮಾಂಕವನ್ನು ಊಟದ ವೇಳೆಗೆ ತೆಗೆಯದಿರಿ. ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಮಾತು ಬಿಟ್ಟರೆ ಅದನ್ನು ಓದಿನ ಏಕಾಗ್ರತೆಯೆಂದು ತಪ್ಪಾಗಿ ತಿಳಿಯದಿರಿ. ವೈದ್ಯರ ಬಳಿಗೆ ಕರೆದೊಯ್ಯಿರಿ. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸೀಟು ಸಿಗಲಿ ಸಿಗದಿರಲಿ ಈ ಮನೆಯಲ್ಲಿ ನನ್ನ ಸ್ಥಾನ ಭದ್ರವೆಂಬ ನಂಬಿಕೆ ಮಗುವಿಗೆ ಇದ್ದರೆ ಅದು ಪರೀಕ್ಷೆಯನ್ನೂ ನಿರ್ಭೀತಿಯಿಂದ ಬರೆಯಬಲ್ಲದು. ನೆರೆಹೊರೆಯವರಾದ ನಾವೂ ಇಗರ್ಜಿಯ ಅಂಗಳದಲ್ಲಿ ಅಂಕ ಕೇಳುವ ಬದಲು, ‘ಮಗಳೇ, ಹೇಗಿದ್ದಿ? ನಮ್ಮಿಂದೇನಾದರೂ ಆಗಬೇಕೇ?’ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳೋಣ.

ಅಂಜೂರದ ಮರದ ಸಾಮತಿಯಲ್ಲಿ ಮುಂದಿನ ವರ್ಷ ಮರ ಹಣ್ಣು ಬಿಟ್ಟಿತೇ ಇಲ್ಲವೇ ಎಂಬುದನ್ನು ಯೇಸುಸ್ವಾಮಿ ತಿಳಿಸಲಿಲ್ಲ. ತೋಟಗಾರನು ಗುದ್ದಲಿ ಹಿಡಿದು ನಿಂತಲ್ಲಿಗೆ ಕಥೆ ನಿಲ್ಲುತ್ತದೆ. ಫಲವನ್ನು ದೇವರಿಗೆ ಬಿಟ್ಟು, ನಮ್ಮ ಪಾಲಿಗೆ ಬಂದ ಅಗೆತವನ್ನು ನಾವು ಮಾಡೋಣ. ಈ ವರ್ಷ ಮರಳಿ ಪುಸ್ತಕ ತೆರೆಯಲಿರುವ ನಮ್ಮ ಎಲ್ಲ ಮಕ್ಕಳಿಗೂ ದೇವರು ತಾಳ್ಮೆಯನ್ನು, ಅವರ ಮನೆಯವರಿಗೆ ವಿವೇಕವನ್ನು, ಅವರ ಧರ್ಮಕೇಂದ್ರಗಳಿಗೆ ಔದಾರ್ಯವನ್ನು ಅನುಗ್ರಹಿಸಲಿ.